ರಾಗಿಕಾಳಿನಷ್ಟು ತೂಕದ ಮೂಳೆ

ನಮ್ಮ ಮೈಯಲ್ಲಿರುವ ಅತಿ ಚಿಕ್ಕ ಮೂಳೆ ಸುಮಾರು 3 ಮಿಲಿಗ್ರಾಂ ತೂಗುತ್ತದೆ. ಒಂದು ರಾಗಿಕಾಳಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರ, ಎತ್ತರ 3 ಮಿಲಿಮೀಟರಿಗಿಂತ ತುಸು ಹೆಚ್ಚು. ಕಿವಿಯೊಳಗಿನ ಈ ಮೂಳೆಗೂ ಅದರ ಪಕ್ಕದ ಮೂಳೆಗೂ ನಡುವಿನ ಕೀಲು ಕಳಚಿ, ಎರಡೂ ಒಂದು ಮಿಲಿಮೀಟರಿನಷ್ಟು ದೂರವಾದರೆ ಸಾಕು, ಕೇಳುವ ಶಕ್ತಿ 60 ಡೆಸಿಬೆಲ್‌ನಷ್ಟು ಕುಸಿಯಬಹುದು. ಡೆಸಿಬೆಲ್ ಹತ್ತು ಹೆಚ್ಚಿದಾಗಲೆಲ್ಲ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಹತ್ತನ್ನು ಹತ್ತರಿಂದ ಗುಣಿಸುತ್ತ ಆರನೆಯ ಮೆಟ್ಟಿಲಿಗೆ ಬಂದರೆ ಹತ್ತು ಲಕ್ಷ. ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಳಕಿವಿಗೆ ತಲುಪುವುದು ಒಂದೇ ಪಾಲು. ಎದುರಿಗೆ ಕೂತು ಆಡುವ ಸಾಧಾರಣ ಮಾತು ಆ ಕಿವಿಗೆ ಇದ್ದೂ ಇಲ್ಲದಂತಾಗುತ್ತದೆ.

ಇಷ್ಟು ಸಣ್ಣ ಬಿರುಕಿಗೆ ಇಷ್ಟು ದೊಡ್ಡ ನಷ್ಟ ಏಕೆ? ಒಳಕಿವಿಯಲ್ಲಿ ತುಂಬಿರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ನೀರಿಗೆ ಬಡಿದರೆ 1000 ಪಾಲಿನಲ್ಲಿ 999 ಪಾಲು ಮರಳಿ ಚಿಮ್ಮುತ್ತದೆ. ಕೆರೆಯಲ್ಲಿ ಮುಳುಗು ಹಾಕಿದವರಿಗೆ ದಡದವರ ಕೂಗು ಕೇಳಿಸದಿರುವುದು ಅದಕ್ಕೇ. ಈ ತಡೆಯನ್ನು ದಾಟಿಸುವುದೇ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳ ಸರಪಳಿಯ ಕೆಲಸ. ಕಿವಿತಮಟೆಯಲ್ಲಿ ಕಂಪಿಸುವ ಭಾಗ ಸುಮಾರು 55 ಚದರ ಮಿಲಿಮೀಟರ್. ರಿಕಾಪಿನ ಪಾದ ಬರೀ 3.2. ಅಗಲದಲ್ಲಿ ಹಿಡಿದದ್ದನ್ನು ಚೂರು ಜಾಗಕ್ಕೆ ಒತ್ತಿದಾಗ ಒತ್ತಡ 17 ಪಟ್ಟು. ಮೂಳೆಗಳು ಸನ್ನೆಗೋಲಿನಂತೆ ಮೀಟುವುದರಿಂದ ಇನ್ನೊಂದು 1.3 ಪಟ್ಟು. ಒಟ್ಟು 22.

ನನ್ನನ್ನು ದಂಗುಬಡಿಸಿದ ಲೆಕ್ಕ ಇನ್ನೊಂದಿದೆ. ಆರೋಗ್ಯವಂತ ಕಿವಿ ಹಿಡಿಯಬಲ್ಲ ಅತಿ ಮೆಲುದನಿಗೆ ತಮಟೆ ಅಲುಗುವ ದೂರ ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಒಂದು ಮಿಲಿಮೀಟರಿನಲ್ಲಿ ಅಂಥ ಪರಮಾಣುಗಳನ್ನು ಸಾಲಾಗಿ ಇಟ್ಟರೆ ಸುಮಾರು ಒಂದು ಕೋಟಿ ಹಿಡಿಯುತ್ತವೆ. ಪರಮಾಣುವಿನಷ್ಟೂ ಹೆಜ್ಜೆಯಿಡದ ಕಂಪನ ಕೋಟಿ ಪರಮಾಣುಗಳ ಕಂದಕವನ್ನು ದಾಟುವುದಾದರೂ ಹೇಗೆ!

ಬೈಕಿನಿಂದ ಬಿದ್ದು ಕಿವಿಯ ಸುತ್ತಲಿನ ತಲೆಮೂಳೆ ಬಿರುಕುಬಿಟ್ಟಾಗ ಮೂಳೆಗಳ ನಡುವಿನ ಈ ಕೀಲು ಕಳಚಬಹುದು. ಗುಗ್ಗೆ ತೆಗೆಯಲು ತೂರಿಸಿದ ಹೇರ್‌ಪಿನ್‌ಗೆ ಯಾರದೋ ಕೈ ತಗುಲಿದರೂ ಕಳಚೀತು. ದಯವಿಟ್ಟು ಕಿವಿಗೆ ಪಿನ್ನು, ಬೀಗದ ಕೈ, ಕಡ್ಡಿ ಹಾಕಬೇಡಿ. ಹೆಚ್ಚಾಗಿ ಪೆಟ್ಟು ತಿನ್ನುವುದು ನಡುವಿನ ಅಡಿಗಲ್ಲು. ಸುತ್ತಿಗೆ ತಮಟೆಗೆ ಅಂಟಿಕೊಂಡಿದೆ, ರಿಕಾಪನ್ನು ಸ್ನಾಯು ಹಿಡಿದಿದೆ. ಅಡಿಗಲ್ಲಿಗೆ ಇರುವುದು ತೆಳ್ಳನೆಯ ಕಟ್ಟುಗಳಷ್ಟೇ. ತಮಟೆ ಹರಿಯದೆ ಸರಪಳಿ ಮಾತ್ರ ಕಳಚಿದರೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಗಟ್ಟಿಯಾಗಿ ಉಳಿದ ತಮಟೆಯೇ ಶಬ್ದಕ್ಕೆ ಅಡ್ಡಗೋಡೆಯಾಗುತ್ತದೆ.

ಇಎನ್‌ಟಿ ವೈದ್ಯರು ಸೆಕೆಂಡಿಗೆ 512 ಸಲ ಕಂಪಿಸುವ ಶ್ರುತಿಕವೆಯನ್ನು ಹಣೆಯ ನಡುವೆ ಇಡುತ್ತಾರೆ. ಸರಪಳಿ ಕಳಚಿದ್ದರೆ ನಾದ ಜೋರಾಗಿ ಕೇಳುವುದು ಕೆಟ್ಟ ಕಿವಿಯಲ್ಲೇ! ತಲೆಮೂಳೆಯ ಹಾದಿಯಲ್ಲಿ ಬಂದ ಶಬ್ದಕ್ಕೆ ಆ ಸರಪಳಿ ಬೇಕಿಲ್ಲ. ಒಳಕಿವಿ ಜೀವಂತವಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಒಳಕಿವಿಯೋ ನರವೋ ಜಖಂ ಆಗಿದ್ದರೆ ಮೂಳೆ ಜೋಡಿಸಿ ಪ್ರಯೋಜನವಿಲ್ಲ. ರಕ್ತ ಇಂಗಿ ಗಾಯ ಮಾಯುವವರೆಗೆ ಕೆಲವು ವಾರ ಕಾಯುತ್ತಾರೆ. ಎಷ್ಟೋ ಸಲ ಕೇಳುವಿಕೆ ತಾನಾಗಿಯೇ ಮರಳುತ್ತದೆ.

ಮರಳದಿದ್ದರೆ ಶಸ್ತ್ರಚಿಕಿತ್ಸೆ. ತಮಟೆಯ ಅಂಚನ್ನು ಬಿಡಿಸಿ, ಪುಟದಂತೆ ಮಗುಚಿ, ನಡುಕಿವಿಯೊಳಗೆ ಇಳಿಯುತ್ತಾರೆ. ತಮಟೆಯ ನಟ್ಟನಡುವಿನಿಂದ ಎದುರಿನ ಗೋಡೆಗೆ ಇರುವ ಅಂತರ ಸುಮಾರು 2 ಮಿಲಿಮೀಟರ್. ಆ ಇಕ್ಕಟ್ಟಿನಲ್ಲೇ ನಾಲಿಗೆಯ ರುಚಿ ಹೊರುವ ನರವೊಂದು ಅಡ್ಡ ಹಾಯುತ್ತದೆ. ರಿಕಾಪಿನ ಮಗ್ಗುಲಲ್ಲೇ ಮುಖವನ್ನು ಆಡಿಸುವ ನರ. ರಿಕಾಪನ್ನು ಹೆಚ್ಚು ಅಲುಗಿಸಿದರೆ ಅದರ ಹಿಂದಿನ ದ್ರವ ಕಲಕಿ, ಶಬ್ದವನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿಗೆ ಅಪಾಯ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. 1921ರಲ್ಲಿ ಸ್ಟಾಕ್‌ಹೋಮಿನ ಕಾರ್ಲ್ ನಿಲೇನ್ ಕಿವಿಯ ಶಸ್ತ್ರಚಿಕಿತ್ಸೆಗೆ ಮೈಕ್ರೋಸ್ಕೋಪ್ ತಾರದೆ ಹೋಗಿದ್ದರೆ ಇಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ.

ನನಗೆ ತೀರ ಇಷ್ಟವಾದ ವಿಧಾನವನ್ನು ಸ್ವೀಡನ್ನಿನ ಹಾಲ್ ಮತ್ತು ರಿಟ್ಸ್‌ನರ್ 1957ರಲ್ಲಿ ವರದಿ ಮಾಡಿದರು: ರೋಗಿಯ ಸ್ವಂತ ಮೂಳೆಯನ್ನೇ ಮತ್ತೆ ಬಳಸುವುದು. ಇಂದು ಕಳಚಿದ ಅಡಿಗಲ್ಲನ್ನು ಹೊರತೆಗೆದು, ವಜ್ರದ ಪುಡಿ ಲೇಪಿಸಿದ ಪುಟಾಣಿ ಬರ್‌ನಿಂದ ಕೆತ್ತುತ್ತಾರೆ. ಒಂದು ಕಡೆ ರಿಕಾಪಿನ ತಲೆ ಕೂರಲು ಗುಳಿ, ಇನ್ನೊಂದು ಕಡೆ ಸುತ್ತಿಗೆಯ ಹಿಡಿಗೆ ತೋಡು. ಆಮೇಲೆ ಅದೇ ಮೂಳೆಯನ್ನು ಸೇತುವೆಯಾಗಿ ನಿಲ್ಲಿಸುತ್ತಾರೆ. ಅಡಿಗಲ್ಲು ಬಳಸುವಂತಿಲ್ಲದಿದ್ದರೆ ಕೆಲವೇ ಮಿಲಿಗ್ರಾಂ ತೂಗುವ ಟೈಟಾನಿಯಂ ಕಂಬ. ಅದು ಕ್ರಮೇಣ ತಮಟೆ ಕೊರೆದು ಹೊರಬರದಂತೆ ಮೇಲೊಂದು ತೆಳು ಮೃದ್ವಸ್ಥಿಯ ಹಾಳೆ. ಅಳತೆ ಅರ್ಧ ಮಿಲಿಮೀಟರ್ ಕಡಿಮೆಯಾದರೆ ಕಂಬ ಜಾರಬಹುದು, ಹೆಚ್ಚಾದರೆ ಬಿಗಿದು ಕಂಪಿಸದೆ ನಿಂತೀತು.

ಸರಪಳಿಯ ದೋಷದಿಂದಾದ ನಷ್ಟ 20 ಡೆಸಿಬೆಲ್ ಒಳಗೆ ಬಂದರೆ ವೈದ್ಯರು ಅದನ್ನು ಯಶಸ್ಸೆಂದು ಎಣಿಸುತ್ತಾರೆ. ಎಲ್ಲರಿಗೂ ಇದು ದಕ್ಕುವುದಿಲ್ಲ. ದಕ್ಕಿದರೆ, 60ರಿಂದ 20ಕ್ಕೆ ಇಳಿದ ಕಿವಿಗೆ ತಲುಪುವ ಶಬ್ದಶಕ್ತಿ ಮೊದಲಿಗಿಂತ 10,000 ಪಟ್ಟು ಹೆಚ್ಚು. ಸೆಕೆಂಡಿಗೆ 1000 ಕಂಪನದ ಸ್ವರವೊಂದು ಒಂದು ಗಂಟೆ ಮೊಳಗಿದರೆ ಆ ಪುಟ್ಟ ಸೇತುವೆ 36 ಲಕ್ಷ ಸಲ ತೂಗಾಡಬೇಕು. ಎಂಟು ವರ್ಷದ ಮಗುವಿಗೂ ಅಜ್ಜನಿಗೂ ಅದರ ಅಳತೆ ಹೆಚ್ಚುಕಡಿಮೆ ಒಂದೇ, ಏಕೆಂದರೆ ಈ ಮೂರು ಮೂಳೆಗಳು ನಾವು ಹುಟ್ಟುವ ಹೊತ್ತಿಗೇ ಪೂರ್ತಿ ಬೆಳೆದಿರುತ್ತವೆ.