ಎಮ್ಮೆ ಬೆನ್ನಿನ ತಾಡಪತ್ರಿ

ಮೇ ತಿಂಗಳ ಕೊನೆಗೆ ಮಂಗಳೂರಿನಿಂದ ವಿಮಾನದಲ್ಲಿ ಬರುತ್ತಿದ್ದೆ. ಮುಂಬಯಿ ಸಮೀಪಿಸಿ ವಿಮಾನ ತಗ್ಗುತ್ತಿದ್ದಂತೆ ಕಿಟಕಿಗೆ ಮೂಗು ಒತ್ತಿ ಕೂತಿದ್ದ ಪುಟ್ಟ ಹುಡುಗ ತಾಯಿಯ ತೋಳು ಜಗ್ಗಿದ. "ಅಮ್ಮಾ, ಇಲ್ಲಿ ಎಲ್ಲರ ಮನೆಯಲ್ಲೂ ಸ್ವಿಮ್ಮಿಂಗ್ ಪೂಲ್ ಉಂಟಾ?" ನಾನೂ ಬಗ್ಗಿ ನೋಡಿದೆ. ಘಾಟ್ಕೋಪರ್, ಕುರ್ಲಾದ ನೆತ್ತಿಯ ಮೇಲೆ ನೀಲಿ ಚೌಕ, ನೀಲಿ ಪಟ್ಟಿ, ಅಂಟಿಕೊಂಡ ನೀಲಿ ತುಂಡುಗಳು, ಬಿಸಿಲಿಗೆ ಫಳಫಳ. "ಅದು ಟರ್ಪಾಲು ಮಗಾ, ಮಳೆಗೆ ಹಾಕಿದ್ದು" ಎಂದರು ತಾಯಿ. ಹುಡುಗನಿಗೆ ಉತ್ತರ ರುಚಿಸಲಿಲ್ಲ.

ಊರಿನಲ್ಲಿ ಟರ್ಪಾಲು, ಇಲ್ಲಿ ತಾಡಪತ್ರಿ. ನಾನು ಚಿಕ್ಕವನಿದ್ದಾಗ ಊರಮನೆಯಲ್ಲಿ ಎರಡೂ ಇರಲಿಲ್ಲ. ಮಳೆಗಾಲದ ಮುಂಚೆ ತೆಂಗಿನ ಮಡಲು ಹೆಣೆದು ತಟ್ಟಿ ಮಾಡಿ ಜಗಲಿಯ ಸುತ್ತ ಕಟ್ಟುತ್ತಿದ್ದರು. ಎರಚಲು ಹೊರಗೆ, ಕತ್ತಲು ಒಳಗೆ. ಮಡಲು ತಟ್ಟಿಯ ಮೇಲೆ ಬಿದ್ದ ಮಳೆ ಪಿಸುಗುಡುತ್ತಿತ್ತು. ಪ್ಲಾಸ್ಟಿಕ್ಕಿನ ಮೇಲೆ ಬಿದ್ದದ್ದು ತಮಟೆ ಬಾರಿಸುತ್ತದೆ. ಮಹಡಿಯ ಕೊನೇ ಅಂತಸ್ತಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಜೋಗುಳ.

ಮುಂಬಯಿಗೆ ಮಳೆಗಾಲ ಕಾಲಿಡಬೇಕಾದ ಲೆಕ್ಕದ ದಿನ ಜೂನ್ 11. ಮಳೆರಾಯನಿಗೆ ಲೆಕ್ಕ ಗೊತ್ತಿರಬೇಕಲ್ಲ! 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟ. ಅರ್ಧ ನಗರದ ತಾಡಪತ್ರಿ ಇನ್ನೂ ಅಂಗಡಿಯಲ್ಲೇ ಮಡಿಚಿ ಕೂತಿತ್ತು. ಆ ಪಾಠದ ನಂತರ ನಾನು ಮೇ ಮೊದಲ ವಾರವೇ ಕ್ರಾಫರ್ಡ್ ಮಾರ್ಕೆಟ್ ಬಳಿಯ ಲೋಹಾರ್ ಚಾಳ್‌ಗೆ ಹೋಗುತ್ತೇನೆ. ಫುಟ್‌ಪಾತಿನವರೆಗೂ ಚಾಚಿದ ಸುರುಳಿಗಳು, ಹೊಸ ಪ್ಲಾಸ್ಟಿಕ್ಕಿನ ಗಾಸಲೇಟು ವಾಸನೆ, ತಲೆಯ ಮೇಲೆ ಗಂಟು ಹೊತ್ತ ಹಮಾಲರ "ಬಾಜೂ, ಬಾಜೂ". ಅಂಗಡಿಯವನು "ದೋ ಸೌ ಜಿಎಸ್‌ಎಂ" ಎಂದ ಕೂಡಲೇ ತಲೆಯಾಡಿಸಬಾರದು. ಅದರರ್ಥ ಚದರ ಮೀಟರಿಗೆ 200 ಗ್ರಾಂ. 18 ಅಡಿಗೆ 24 ಅಡಿಯ ಹಾಳೆ ತಕ್ಕಡಿಗಿಟ್ಟರೆ 8 ಕಿಲೋ ತೂಗಬೇಕು. ಆಮೇಲೆ ಒಂದು ಮೂಲೆಯನ್ನು ಬೆಳಕಿಗೆ ಹಿಡಿಯಬೇಕು. ಒಳಗಿನ ನೇಯ್ಗೆ ಜರಡಿಯ ಹಾಗೆ ಕಂಡರೂ ಸರಿಯೇ, ಸೂಜಿಮೊನೆಯಷ್ಟು ಬೆಳಕು ನೇರ ಕಣ್ಣಿಗೆ ಚುಚ್ಚಬಾರದು. ಅಂಚಿನ ಮಡಿಕೆಯಲ್ಲಿ ಹಗ್ಗ ಓಡಿದೆಯೇ, ಅಲ್ಯುಮಿನಿಯಮ್ ಕಣ್ಣುಗಳು ಆ ಹಗ್ಗದ ಒಳಮಗ್ಗುಲಲ್ಲಿ ಕೂತಿವೆಯೇ ಎಂದು ಬೆರಳಾಡಿಸಿ ನೋಡಬೇಕು. ಗಾಳಿ ಮೊದಲು ಕೀಳುವುದು ಈ ಕಣ್ಣನ್ನೇ.

ನಮ್ಮದು ಗೋರೆಗಾಂವ್‌ನ ಹಳೇ ಮೂರು ಮಹಡಿ ಕಟ್ಟಡ. ಟೆರೇಸಿನ ಸ್ಲ್ಯಾಬು ಸೋರುತ್ತದೆ. ಡಾಂಬರು ಬಳಿದದ್ದಾಯಿತು, ಸಿಮೆಂಟು ಮೆತ್ತಿದ್ದಾಯಿತು, ಸೊಸೈಟಿ ಮೀಟಿಂಗ್‌ನಲ್ಲಿ ಜಗಳವಾಡಿದ್ದೂ ಆಯಿತು. ಕೊನೆಗೆ ಉಳಿದದ್ದು ಈ ನೀಲಿ ಹಾಳೆ. ಮೊದಲ ವರ್ಷ ಕಟ್ಟಿದ್ದು ನಾನು ಮತ್ತು ಎದುರು ಮನೆಯವರು. ನಾಲ್ಕು ಮೂಲೆಯನ್ನು ಬಿಗಿದು, ಹಾಸಿಗೆಯ ಚಾದರದ ಹಾಗೆ ಚಪ್ಪಟೆ ಮಾಡಿ, ಕೈ ತಟ್ಟಿಕೊಂಡು ಇಳಿದಿದ್ದೆವು. ಮೂರನೇ ಮಳೆಗೆ ನಡುವೆ ಹೊಟ್ಟೆ ಬಂತು. ಹತ್ತಡಿ ಉದ್ದಗಲದ ಹಾಳೆಯ ಮೇಲೆ ನಾಲ್ಕು ಇಂಚು ನೀರು ನಿಂತರೆ ತೂಕ 900 ಕಿಲೋ ದಾಟುತ್ತದೆ. ಈ ಗಣಿತ ಆಮೇಲೆ ಹಾಕಿದ್ದು. ರಾತ್ರಿ ಎರಡು ಗಂಟೆಗೆ ಗುಡುಗಿಗಿಂತ ಹತ್ತಿರದಲ್ಲಿ ಏನೋ ಗುಡುಗಿತು.

ಮರುವರ್ಷ ಕರೆತಂದದ್ದು ಯಾದಗಿರಿ ಕಡೆಯ ಒಬ್ಬ ಕೂಲಿಯವನನ್ನು. ಕಟ್ಟಡಗಳಿಗೆ ಬಿದಿರಿನ ಪರಾಂಚಿ ಕಟ್ಟುವವ. ನಮ್ಮ ಹಳೇ ಗಂಟುಗಳನ್ನು ನೋಡಿ ನಗಲಿಲ್ಲ, ಅದೇ ದೊಡ್ಡತನ. ನಡುವೆ ಎರಡು ಕವೆ ನಿಲ್ಲಿಸಿ ಉದ್ದಕ್ಕೆ ಒಂದು ಗಳ ಮಲಗಿಸಿದ. ಗಳದ ತುದಿಗಳಿಗೆ ಹಳೇ ಗೋಣಿ ಸುತ್ತಿದ. ಚೂಪು ತಗುಲಿದರೆ ಹಾಳೆ ಅಲ್ಲೇ ಸೀಳುತ್ತದಂತೆ. ಬಳಿಕ ಹಾಳೆ ಎಳೆದು, ಒಂದೊಂದು ಕಣ್ಣಿಗೂ ಬೇರೆ ಬೇರೆ ಹಗ್ಗ. ಎಡಗೈ ಹಗ್ಗ ಜಗ್ಗಿ ಹಿಡಿದಿರುವಾಗ ಬಲಗೈ ಎರಡು ಸುತ್ತು ಸುತ್ತಿ, ಕುಣಿಕೆಯೊಳಗೆ ತುದಿ ತೂರಿಸಿ, ಹಲ್ಲಿನಿಂದ ಕಚ್ಚಿ ಎಳೆಯುತ್ತಿತ್ತು. ಒಂದೇ ಉದ್ದ ಹಗ್ಗವನ್ನು ಎಲ್ಲ ಕಣ್ಣಿಗೂ ಪೋಣಿಸಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ.

"ಒಂದ್ ಕಡಿ ಕಿತ್ರ ಎಲ್ಲಾ ಸಡ್ಲ ಆಗ್ತದ್ರೀ ಅಣ್ಣಾರ" ಎಂದ. ನಡುವಿನ ಏಣನ್ನು ಅಂಗೈಯಿಂದ ತಟ್ಟಿ ತೋರಿಸಿದ. "ಇಲ್ಲಿ ಎತ್ರ ಇರ್ಬೇಕ್ರೀ, ಎಮ್ಮಿ ಬೆನ್ನಿನಂಗ. ನೀರ್ ಹರದ್ ಹೋಗ್ಲಿಲ್ಲಂದ್ರ ತಾಡಪತ್ರಿನೇ ಹರದ್ ಹೋಗ್ತದ."

ಇದನ್ನು ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನ ಹಿತ್ತಲಲ್ಲಿ ನೆಲದ ಮೇಲೆ ನಿಲ್ಲಿಸಿದ ದೊಡ್ಡ ಹಂಡೆಯಂಥ ಈಜುಕೊಳ ಇದೆ. ಚಳಿ ಶುರುವಾಗುವ ಮುಂಚೆ ಅದಕ್ಕೆ ಹಾಳೆ ಹೊದಿಸಿ, ಕಣ್ಣುಗಳಿಗೆ ತಂತಿ ಪೋಣಿಸಿ, ತಿರುಪಿನಿಂದ ಬಿಗಿಯುತ್ತಾನೆ. ಹಾಳೆಯ ಕೆಳಗೆ, ಕೊಳದ ನಡುವೆ, ಗಾಳಿ ತುಂಬಿದ ದಿಂಬೊಂದನ್ನು ತೇಲಿಬಿಡುತ್ತಾನೆ. ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಗೋಡೆಯನ್ನು ಒತ್ತುವ ಬದಲು ದಿಂಬನ್ನು ಅಮುಕಲಿ ಎಂದು. ಹಾಳೆಯ ಮೇಲೆ ನಿಂತ ಮಳೆನೀರನ್ನು ಪಂಪು ಹಾಕಿ ತೆಗೆಯುತ್ತಾನೆ. "ನೀವು ನೀರು ಒಳಗೆ ಬಾರದ ಹಾಗೆ ಮುಚ್ಚುವುದು ಮಾವ, ನಾವು ಇರುವ ನೀರನ್ನೇ ಮುಚ್ಚುವುದು" ಎಂದ. ಸರಿ, ಹಾಳೆಯ ಮೇಲೆ ನಿಂತ ನೀರು ಮಾತ್ರ ಇಬ್ಬರಿಗೂ ಶತ್ರು.

ನೀರನ್ನೇ ಮುಚ್ಚುವ ಕೆಲಸವೂ ಈ ಊರಿಗೆ ಹೊಸದಲ್ಲ. 1911ರಲ್ಲಿ ಬೆಂಟ್ಲಿ ಎಂಬ ವೈದ್ಯಾಧಿಕಾರಿ ಬೊಂಬಾಯಿಯ ಮಲೇರಿಯಾಕ್ಕೆ ಮನೆಮನೆಯ ಬಾವಿಗಳೇ ತವರು ಎಂದು ವರದಿ ಕೊಟ್ಟ. ಬಾವಿಗೆ ಮುಚ್ಚಳ ಬೀಳತೊಡಗಿತು, ದೇವರ ನೀರಿಗೆ ಬಿಸಿಲು ತಪ್ಪಿಸುತ್ತೀರೇ ಎಂಬ ತಕರಾರೂ ಎದ್ದಿತು. ಬಾವಿ ಹೋಗಿ ಟಾಕಿ ಬಂತು, ಸೊಳ್ಳೆ ಮಹಡಿ ಹತ್ತಿತು. ಈಗ ಪಾಲಿಕೆಯ ಕೀಟನಾಶಕ ವಿಭಾಗದವರು ಏಣಿ ಹತ್ತಿ ಟಾಕಿಯ ಮುಚ್ಚಳ ಅಲುಗಾಡಿಸಿ ನೋಡುತ್ತಾರೆ, ಟಾರ್ಚು ಬಿಡುತ್ತಾರೆ. ತಾಡಪತ್ರಿ ಹಾರದಿರಲೆಂದು ಜೋಪಡಿಗಳ ಮೇಲೆ ಹೇರಿದ ಟೈರುಗಳ ಮೇಲೂ ಅವರ ಕಣ್ಣು. ಟೈರಿನೊಳಗೆ ಒಂದು ಲೋಟ ನೀರು ವಾರ, ಹತ್ತು ದಿನ ನಿಂತರೆ ಡೆಂಗೂ ಸೊಳ್ಳೆಯ ಒಂದು ಸಂಸಾರ ಎದ್ದು ಹಾರುತ್ತದೆ. ಬಡವ ಭಾರಕ್ಕೆ ಇನ್ನೇನನ್ನು ಇಡಬೇಕು? ಕೆಲವರು ಟೈರಿಗೆ ತೂತು ಕೊರೆಯುತ್ತಾರೆ, ಕೆಲವರು ಮರಳು ತುಂಬಿದ ಸಿಮೆಂಟು ಚೀಲ ಇಡುತ್ತಾರೆ. ನಾವು ಇಟ್ಟದ್ದು ಇಟ್ಟಿಗೆ.

ಯಾದಗಿರಿಯವನು ಕಟ್ಟಿಕೊಟ್ಟ ವರ್ಷದ ಮೊದಲ ದೊಡ್ಡ ಮಳೆ ರಾತ್ರಿ ಹನ್ನೊಂದಕ್ಕೆ ಹಿಡಿಯಿತು. ಛತ್ರಿ, ಟಾರ್ಚು, ಪೊರಕೆ ಹಿಡಿದು ಟೆರೇಸು ಹತ್ತಿದೆ. ಬೆಳಕಿನಲ್ಲಿ ನೀರು ಏಣಿನಿಂದ ಎರಡೂ ಕಡೆ ಜಾರಿ ಹೋಗುತ್ತಿತ್ತು. ಯಾದಗಿರಿಯವನ ಒಂದು ಗಂಟೂ ಅಲುಗಿರಲಿಲ್ಲ. ಟಾಕಿಯ ಪಕ್ಕದ ಮೂಲೆಯಲ್ಲಿ ಮಾತ್ರ ಒಂದು ಪುಟ್ಟ ಹೊಟ್ಟೆ ಮೂಡುತ್ತಿತ್ತು. ಅದು ನಾನು, ಅವನು ಹೋದ ಮೇಲೆ, ಇನ್ನಷ್ಟು ಚೆಂದ ಕಾಣಲೆಂದು ಸಡಿಲಿಸಿ ಕಟ್ಟಿದ ಹಗ್ಗ. ಕೆಳಗೆ ತೂರಿ ಪೊರಕೆಯ ಹಿಡಿಯಿಂದ ಮೆಲ್ಲನೆ ಎತ್ತಿದೆ. ನಾಲ್ಕು ಬಕೆಟ್ಟಿನಷ್ಟು ನೀರು ಒಂದೇ ಸಲಕ್ಕೆ ಕೆಳಮನೆಯ ಪತ್ರಾದ ಮೇಲೆ ಧಡಾರನೆ ಬಿತ್ತು.

ಕಿಟಕಿ ತೆರೆಯಿತು. "ಕೋಣ್ ಆಹೇ ರೇ ವರ್?"

ಮೇಲೆ ಯಾರು ಎಂದು ಕೆಳಮನೆಯ ಅಜ್ಜಿ ಕೇಳಿದ್ದು ಮರಾಠಿಯಲ್ಲಿ. ನನಗೆ ಅದು ಕನ್ನಡದಲ್ಲೇ ಕೇಳಿಸಿತು. ಟಾರ್ಚು ಆರಿಸಿ, ಎಮ್ಮೆ ಬೆನ್ನಿನ ಕೆಳಗೆ ಸದ್ದಿಲ್ಲದೆ ನಿಂತುಕೊಂಡೆ.