ಒಂದೇ ಬುರುಡೆ, ಹಲವು ತುಟಿ: ದಕ್ಷಿಣ ಅಮೆರಿಕದ ಮಾಟೆ

ಯೆರ್ಬಾ ಮಾಟೆ ದಕ್ಷಿಣ ಅಮೆರಿಕದ ನಿತ್ಯಹರಿದ್ವರ್ಣ ಮರವೊಂದರ ಎಲೆಯಿಂದ ತಯಾರಾಗುವ ಪೇಯ. ಪರಾಗ್ವೆ, ಈಶಾನ್ಯ ಅರ್ಜೆಂಟೀನಾ ಮತ್ತು ದಕ್ಷಿಣ ಬ್ರೆಜಿಲ್‌ನ ಕಾಡುಗಳು ಈ ಮರದ ತವರು. ಇದರ ಸಸ್ಯಶಾಸ್ತ್ರೀಯ ಹೆಸರು ಐಲೆಕ್ಸ್ ಪರಾಗ್ವಾರಿಯೆನ್ಸಿಸ್. ಕಾಫಿ, ಚಹಾಗಳಂತೆ ಇದರಲ್ಲೂ ಕೆಫೀನ್ ಇದ್ದು, ರುಚಿ ಒಗರು ಬೆರೆತ ಕಹಿ.

ಈ ಎಲೆಯ ಗುಣವನ್ನು ಮೊದಲು ಅರಿತವರು ಗ್ವಾರಾನಿ ಮೂಲನಿವಾಸಿಗಳು. 17ನೇ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ಕಾಡುಮರವನ್ನು ತೋಟದ ಬೆಳೆಯಾಗಿಸಿದರು. 1767ರಲ್ಲಿ ಸ್ಪೇನ್ ದೊರೆ ಅವರನ್ನು ಗಡೀಪಾರು ಮಾಡಿದ ಮೇಲೆ ಆ ತೋಟಗಳು ಪಾಳುಬಿದ್ದವು. ದೊಡ್ಡ ಪ್ರಮಾಣದ ಕೃಷಿ ಮತ್ತೆ ಬೇರೂರಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ.

ಕೊಯ್ದ ಎಲೆಗೆ ಮೊದಲು ಬೆಂಕಿಯ ಝಳ ತಾಗಿಸುತ್ತಾರೆ. ಇಲ್ಲವಾದರೆ ಅದು ಕಪ್ಪಾಗುತ್ತದೆ. ಬಳಿಕ ಒಣಗಿಸಿ ಪುಡಿ ಮಾಡುತ್ತಾರೆ. ಅರ್ಜೆಂಟೀನಾದಲ್ಲಿ ಪುಡಿಯನ್ನು ತಿಂಗಳುಗಟ್ಟಲೆ ಮಾಗಲು ಬಿಡುವುದು ರೂಢಿ. ಬ್ರೆಜಿಲ್‌ನವರು ಹಸಿರಾಗಿರುವ ನುಣ್ಣನೆಯ ಪುಡಿಯನ್ನೇ ಬಳಸುತ್ತಾರೆ. ಅವರ ಪೇಯಕ್ಕೆ ಶಿಮಾಹೌಂ ಎನ್ನುತ್ತಾರೆ.

ಕುಡಿಯುವ ಪಾತ್ರೆ ಒಣಗಿಸಿದ ಸೋರೆ ಬುರುಡೆ. ಅದರ ಮುಕ್ಕಾಲು ಭಾಗ ಪುಡಿ ತುಂಬಿ, ಓರೆಯಾಗಿಸಿ ಪುಡಿಯನ್ನು ಒಂದು ಬದಿಗೆ ಸರಿಸುತ್ತಾರೆ. ಉಳಿದ ತಗ್ಗಿಗೆ ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ, ತುದಿಯಲ್ಲಿ ಜರಡಿಯಿರುವ ಲೋಹದ ಕೊಳವೆ ಬೊಂಬಿಷಾವನ್ನು ಊರುತ್ತಾರೆ. ಆಮೇಲೆ ಸುರಿಯುವ ನೀರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಇರಬೇಕು. ಕುದಿಯುವ ನೀರು ಸುರಿದರೆ ಕಹಿ ಏರುತ್ತದೆ. ನೀರು ಕೊಳವೆಯ ಬುಡಕ್ಕಷ್ಟೇ ಬೀಳಬೇಕು. ಮೇಲಿನ ಪುಡಿ ಒಣಗಿದ್ದಷ್ಟೂ ರುಚಿ ಬಹಳ ಹೊತ್ತು ನಿಲ್ಲುತ್ತದೆ.

ಬಳಗ ಸೇರಿದಾಗ ಬುರುಡೆ ಒಂದೇ, ಕೊಳವೆಯೂ ಒಂದೇ. ನೀರೆರೆಯುವ ಹೊಣೆ ಹೊತ್ತವರು ಸೆಬಾದೋರ್. ಮೊದಲ ಸುತ್ತು ಹೆಚ್ಚು ಕಹಿಯಾದ್ದರಿಂದ ಅದನ್ನು ಅವರೇ ಕುಡಿಯುತ್ತಾರೆ. ಬಳಿಕ ಪ್ರತಿಯೊಬ್ಬರೂ ತಮ್ಮ ಪಾಲನ್ನು ಪೂರ್ತಿ ಹೀರಿ ಬುರುಡೆಯನ್ನು ಸೆಬಾದೋರ್ ಕೈಗೆ ಮರಳಿಸಬೇಕು. ಕೊಳವೆಯಿಂದ ಕದಡುವಂತಿಲ್ಲ. ‘ಗ್ರಾಸಿಯಾಸ್’ ಎಂದು ಧನ್ಯವಾದ ಹೇಳಿದರೆ ಇನ್ನು ಸಾಕು ಎಂದರ್ಥ.

ಬಿಸಿಲಿನ ಪರಾಗ್ವೆಯಲ್ಲಿ ಇದನ್ನು ತಣ್ಣೀರಿನಲ್ಲಿ, ಗಿಡಮೂಲಿಕೆ ಬೆರೆಸಿ ಕುಡಿಯುತ್ತಾರೆ. ತೆರೆರೆ ಎಂಬ ಈ ಪದ್ಧತಿಯನ್ನು ಯುನೆಸ್ಕೊ 2020ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಉರುಗ್ವೆಯಲ್ಲಿ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್, ಕೈಯಲ್ಲಿ ಬುರುಡೆ ಹಿಡಿದು ಓಡಾಡುವವರು ಬೀದಿಬೀದಿಯಲ್ಲೂ ಕಾಣುತ್ತಾರೆ. ದಕ್ಷಿಣ ಅಮೆರಿಕಕ್ಕೆ ವಲಸೆ ಹೋಗಿ ಮರಳಿದವರ ಮೂಲಕ ಈ ಅಭ್ಯಾಸ ಸಿರಿಯಾ, ಲೆಬನಾನ್‌ಗಳಲ್ಲೂ ನೆಲೆಯೂರಿದೆ. ಅರ್ಜೆಂಟೀನಾ ಪ್ರತಿವರ್ಷ ನವೆಂಬರ್ 30ರಂದು ರಾಷ್ಟ್ರೀಯ ಮಾಟೆ ದಿನ ಆಚರಿಸುತ್ತದೆ. ಅದು ಗ್ವಾರಾನಿ ಮೂಲದ ನಾಯಕ ಆಂದ್ರೆಸ್ ಗ್ವಾಕುರಾರಿಯ ಜನ್ಮದಿನ.