ತರಬೇತುದಾರರ ತೂಕ: ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಶ್ರೇಯಾಂಕದ ಲೆಕ್ಕಾಚಾರ

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಾಲೇಜು ಫುಟ್‌ಬಾಲಿನ ಋತು ಆರಂಭವಾಗುವುದಕ್ಕೆ ಮುನ್ನ, ಸೌತ್‌ಈಸ್ಟರ್ನ್ ಕಾನ್ಫರೆನ್ಸಿಗೆ ಸೇರಿದ ವಿಶ್ವವಿದ್ಯಾಲಯಗಳ ಮುಖ್ಯ ತರಬೇತುದಾರರನ್ನು ಒಂದನೆಯವರಿಂದ ಕೊನೆಯವರವರೆಗೆ ಸಾಲಾಗಿ ನಿಲ್ಲಿಸಿ ತೂಗುವುದು ಅಲ್ಲಿನ ಕ್ರೀಡಾ ಬರಹಗಾರರ ವಾರ್ಷಿಕ ಪರಿಪಾಠ. ಕಾನ್ಫರೆನ್ಸ್ ಎಂದರೆ ಪರಸ್ಪರ ಪಂದ್ಯಗಳನ್ನಾಡಲು ಮತ್ತು ಟಿವಿ ಪ್ರಸಾರದ ಆದಾಯವನ್ನು ಹಂಚಿಕೊಳ್ಳಲು ಒಂದುಗೂಡಿದ ವಿಶ್ವವಿದ್ಯಾಲಯಗಳ ಒಕ್ಕೂಟ. 1932ರಲ್ಲಿ ರೂಪುಗೊಂಡ ಈ ಒಕ್ಕೂಟಕ್ಕೆ 2024ರಲ್ಲಿ ಟೆಕ್ಸಾಸ್ ಮತ್ತು ಒಕ್ಲಹಾಮ ವಿಶ್ವವಿದ್ಯಾಲಯಗಳು ಸೇರಿದ ಮೇಲೆ ಸದಸ್ಯರ ಸಂಖ್ಯೆ 16ಕ್ಕೆ ಏರಿದೆ.

ಇಲ್ಲಿ ಫುಟ್‌ಬಾಲ್ ಎಂದರೆ ಭಾರತದಲ್ಲಿ ಆ ಹೆಸರಿನಿಂದ ಪರಿಚಿತವಾದ ಆಟವಲ್ಲ. ಹನ್ನೊಂದು ಮಂದಿಯ ತಂಡ ಉದ್ದುಂಡನೆಯ ಚೆಂಡನ್ನು ಹಿಡಿದು ಓಡುತ್ತಲೋ ಎಸೆಯುತ್ತಲೋ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಸಾಮಾನ್ಯವಾಗಿ ಎದುರಾಳಿಯ ಪಾಲಾಗುತ್ತದೆ. ಪ್ರತಿ ಯತ್ನದ ನಂತರ ಆಟ ನಿಲ್ಲುತ್ತದೆ, ಮತ್ತು ಮುಂದಿನ ಯತ್ನದಲ್ಲಿ ಯಾರು ಎಲ್ಲಿಗೆ ಓಡಬೇಕೆಂಬ ಆದೇಶ ಅಂಚಿನಲ್ಲಿ ನಿಂತ ತರಬೇತುದಾರರ ಬಳಗದಿಂದ ಬರುತ್ತದೆ. ಕ್ರಿಕೆಟಿನಲ್ಲಿ ಮೈದಾನದೊಳಗಿನ ನಾಯಕನಿಗಿರುವ ಅಧಿಕಾರದ ಬಹುಪಾಲು ಇಲ್ಲಿ ಹೊರಗೆ ನಿಂತವರ ಕೈಯಲ್ಲಿದೆ. ಪ್ರೌಢಶಾಲೆಗಳಿಂದ ಪ್ರತಿಭಾವಂತರನ್ನು ಹುಡುಕಿ ಒಲಿಸಿ ತರುವ ಹೊಣೆಯೂ ಮುಖ್ಯ ತರಬೇತುದಾರರದೇ ಆಗಿರುವುದರಿಂದ ಸೋಲು ಗೆಲುವುಗಳೆರಡೂ ಅವರ ಹೆಸರಿಗೇ ಜಮೆಯಾಗುತ್ತವೆ; ಅದಕ್ಕೆ ತಕ್ಕಂತೆ ಹಣವೂ ಹರಿಯುತ್ತದೆ. ಜಾರ್ಜಿಯದ ಕರ್ಬಿ ಸ್ಮಾರ್ಟ್ ಅವರ ವಾರ್ಷಿಕ ಸಂಭಾವನೆ 2024ರ ಒಪ್ಪಂದದಲ್ಲಿ ಸುಮಾರು 1.3 ಕೋಟಿ ಡಾಲರಿಗೆ ಏರಿದರೆ, ಅದಕ್ಕೆ ಹಿಂದಿನ ವರ್ಷ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಷರ್ ಅವರನ್ನು ಅವಧಿಗೆ ಮೊದಲೇ ಕಳಿಸಿದ್ದಕ್ಕಾಗಿ 7.5 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿಕೊಳ್ಳಬೇಕಾಯಿತು.

ಶ್ರೇಯಾಂಕಕ್ಕೆ ಎಲ್ಲರೂ ಮೊದಲು ಹಿಡಿಯುವ ಅಳತೆಗೋಲು ರಾಷ್ಟ್ರೀಯ ಪ್ರಶಸ್ತಿ. ಈ ಅಳತೆಗೋಲು ಎಷ್ಟು ಸುಲಭವೋ ಅಷ್ಟೇ ದಾರಿ ತಪ್ಪಿಸುವಂಥದ್ದು ಎಂಬುದಕ್ಕೆ ಆಬರ್ನ್ ವಿಶ್ವವಿದ್ಯಾಲಯದ ಜೀನ್ ಚಿಜಿಕ್ ಅವರ ಉದಾಹರಣೆಯೊಂದೇ ಸಾಕು. 2010ರಲ್ಲಿ ಅವರ ತಂಡ 14 ಪಂದ್ಯಗಳನ್ನೂ ಗೆದ್ದು ಪ್ರಶಸ್ತಿ ಪಡೆಯಿತು. ಆದರೆ ಆ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಕ್ರಮಣವನ್ನು ನಡೆಸುವ ಆಟಗಾರ, ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಟ್ರೋಫಿಯನ್ನು ಗೆದ್ದ ಕ್ಯಾಮ್ ನ್ಯೂಟನ್ ಆಗಿದ್ದರು. ನ್ಯೂಟನ್ ಹೊರಟ ಮೇಲೆ ಎರಡನೆಯ ಋತುವಿನಲ್ಲಿ ಆಬರ್ನ್ ಬರೀ 3 ಪಂದ್ಯ ಗೆದ್ದು 9ರಲ್ಲಿ ಸೋತಿತು, ಒಕ್ಕೂಟದೊಳಗೆ ಒಂದನ್ನೂ ಗೆಲ್ಲಲಿಲ್ಲ, ಚಿಜಿಕ್ ಕೆಲಸ ಕಳೆದುಕೊಂಡರು. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಎಡ್ ಆರ್ಜರಾನ್ ಅವರದೂ ಹೆಚ್ಚುಕಡಿಮೆ ಇದೇ ಕಥೆ: 2019ರಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ಇದ್ದಾಗ 15ಕ್ಕೆ 15 ಗೆಲುವು, 2021ರ ಋತು ಮುಗಿಯುವಷ್ಟರಲ್ಲಿ ವಿದಾಯ.

ಹಾಗಾದರೆ ತರಬೇತುದಾರನ ಪಾಲೆಷ್ಟು, ಆತನಿಗೆ ಒದಗಿದ ಸಂಪತ್ತು ಮತ್ತು ಅದೃಷ್ಟದ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ? ಒಂದೇ ವಿಶ್ವವಿದ್ಯಾಲಯದಲ್ಲಿ ಒಬ್ಬರ ನಂತರ ಒಬ್ಬರು ಬಂದವರನ್ನು ಹೋಲಿಸುವುದು ಇದಕ್ಕಿರುವ ದಾರಿಗಳಲ್ಲಿ ಹೆಚ್ಚು ನಂಬಬಹುದಾದದ್ದು, ಏಕೆಂದರೆ ಅಲ್ಲಿ ಕ್ರೀಡಾಂಗಣ, ಹಣ, ಅಭಿಮಾನಿಗಳ ಬಲ ಇವೆಲ್ಲ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಅಲಬಾಮದಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ಬೇರ್ ಬ್ರಯಂಟ್ 1982ರಲ್ಲಿ ನಿವೃತ್ತರಾದ ಮೇಲೆ, ಅಷ್ಟೆಲ್ಲ ಸಿರಿ ಮತ್ತು ಕೀರ್ತಿ ಇದ್ದೂ, ನಿಕ್ ಸೇಬನ್ 2007ರಲ್ಲಿ ಬರುವವರೆಗೆ ಆ ವಿಶ್ವವಿದ್ಯಾಲಯಕ್ಕೆ ಸಿಕ್ಕಿದ್ದು 1992ರ ಒಂದೇ ಪ್ರಶಸ್ತಿ. ಸೇಬನ್ 2024ರ ಜನವರಿಯಲ್ಲಿ ನಿವೃತ್ತಿ ಘೋಷಿಸುವ ಹೊತ್ತಿಗೆ ಅಲ್ಲಿ ಆರನ್ನು ಗೆದ್ದಿದ್ದರು. ಜಾರ್ಜಿಯದಲ್ಲಿ ಮಾರ್ಕ್ ರಿಕ್ಟ್ 15 ವರ್ಷಗಳಲ್ಲಿ 145 ಪಂದ್ಯಗಳನ್ನು ಗೆದ್ದೂ ರಾಷ್ಟ್ರೀಯ ಪ್ರಶಸ್ತಿ ಕಾಣಲಿಲ್ಲ, ಅವರ ಉತ್ತರಾಧಿಕಾರಿಯಾದ ಸ್ಮಾರ್ಟ್ 1980ರಿಂದ ಕಾದಿದ್ದ ಪ್ರಶಸ್ತಿಯನ್ನು 2021ರ ಋತುವಿನಲ್ಲಿ ತಂದರು, ಮರುವರ್ಷ ಅಂತಿಮ ಪಂದ್ಯವನ್ನು 65–7 ಅಂಕಗಳಿಂದ ಗೆದ್ದು ಅದನ್ನು ಉಳಿಸಿಕೊಂಡರು. ಹಣ ಬೇಕೇ ಬೇಕು, ಆದರೆ ಹಣವೊಂದರಿಂದಲೇ ಕೆಲಸವಾಗುವುದಿಲ್ಲ ಎಂಬುದನ್ನು ಈ ಎರಡು ಜೋಡಿಗಳು ತೋರಿಸುತ್ತವೆ.

ಇನ್ನೊಂದು ದಾರಿ, ಒಬ್ಬರೇ ತರಬೇತುದಾರರನ್ನು ಎರಡು ಕಡೆ ನೋಡುವುದು. ಸ್ಟೀವ್ ಸ್ಪರಿಯರ್ ಫ್ಲಾರಿಡದಲ್ಲಿ 1996ರ ಪ್ರಶಸ್ತಿ ಗೆದ್ದದ್ದಕ್ಕಿಂತಲೂ, ಅಲ್ಲಿಯವರೆಗೆ ಒಂದು ಋತುವಿನಲ್ಲಿ 11 ಗೆಲುವನ್ನು ಎಂದೂ ಕಂಡಿರದ ಸೌತ್ ಕರೊಲಿನಕ್ಕೆ 2011ರಿಂದ ಸತತ ಮೂರು ವರ್ಷ ತಲಾ 11 ಗೆಲುವು ತಂದುಕೊಟ್ಟದ್ದು ದೊಡ್ಡ ಸಾಧನೆ. ಈ ಮಾತನ್ನು ಫ್ಲಾರಿಡದವರು ಒಪ್ಪುವುದು ಕಷ್ಟ.

ಕಡಿಮೆ ಬಂಡವಾಳದಲ್ಲಿ ಹೆಚ್ಚು ಮಾಡಿ ತೋರಿಸಿದವರನ್ನು ಎಲ್ಲಿ ಕೂರಿಸಬೇಕು ಎಂಬುದೇ ಇಂಥ ಪಟ್ಟಿಗಳ ಕಠಿಣ ಪ್ರಶ್ನೆ. ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಓದಿಗೆ ಹೆಸರುವಾಸಿ, ಫುಟ್‌ಬಾಲಿನಲ್ಲಿ ದಶಕಗಳಿಂದ ತಳದಲ್ಲಿದ್ದ ಸಂಸ್ಥೆ. 2023ರಲ್ಲಿ 2 ಗೆದ್ದು 10 ಸೋತ ಮೇಲೆ ಅಲ್ಲಿನ ತರಬೇತುದಾರ ಕ್ಲಾರ್ಕ್ ಲೀ ರಕ್ಷಣೆಯ ಆದೇಶಗಳನ್ನು ತಾವೇ ಕೈಗೆತ್ತಿಕೊಂಡರು; ಡಿಯೆಗೊ ಪವಿಯ ಎಂಬ ಕ್ವಾರ್ಟರ್‌ಬ್ಯಾಕನ್ನೂ ಆತನನ್ನು ಬಲ್ಲ ಸಹಾಯಕರನ್ನೂ ನ್ಯೂ ಮೆಕ್ಸಿಕೊ ಸ್ಟೇಟಿನಿಂದ ಕರೆತಂದರು. 2024ರ ಅಕ್ಟೋಬರ್ 5ರಂದು ದೇಶದ ಮೊದಲ ಸ್ಥಾನದಲ್ಲಿದ್ದ ಅಲಬಾಮದ ಎದುರು ಈ ತಂಡ ಆಡಿದ ರೀತಿಯಲ್ಲಿ ತರಬೇತುದಾರನ ಕೈವಾಡ ಎದ್ದು ಕಾಣುತ್ತದೆ: ಎದುರಾಳಿಯ ವೇಗದ ಓಟಗಾರರ ಕೈಗೆ ಚೆಂಡೇ ಸಿಗದಂತೆ ನಿಧಾನವಾಗಿ, ನಾಲ್ಕೈದು ಗಜಗಳಂತೆ ಮುಂದೆ ಸಾಗುತ್ತ, 60 ನಿಮಿಷಗಳ ಆಟದಲ್ಲಿ 40 ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ತನ್ನ ಬಳಿಯೇ ಉಳಿಸಿಕೊಂಡ ವ್ಯಾಂಡರ್‌ಬಿಲ್ಟ್ 40–35ರಿಂದ ಗೆದ್ದಿತು. 1984ರ ನಂತರ ಅಲಬಾಮದ ಮೇಲೆ ಅದು ಸಾಧಿಸಿದ ಮೊದಲ ಜಯ ಅದು; ಅಭಿಮಾನಿಗಳು ಗೋಲುಕಂಬವನ್ನೇ ಕಿತ್ತು ಬೀದಿಗಳಲ್ಲಿ ಹೊತ್ತು ನಡೆದು ಕಂಬರ್‌ಲ್ಯಾಂಡ್ ನದಿಗೆ ಹಾಕಿದರು.

ಆಟಗಾರರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗಲು ಇದ್ದ ನಿರ್ಬಂಧಗಳು ಸಡಿಲಗೊಂಡಿರುವುದು, 2021ರಿಂದ ಅವರು ತಮ್ಮ ಹೆಸರು ಮತ್ತು ಜನಪ್ರಿಯತೆಯಿಂದ ಹಣ ಗಳಿಸಬಹುದಾಗಿರುವುದು ಲೀ ಅವರಂಥವರಿಗೆ ಒದಗಿದ ಅನುಕೂಲ. ಶ್ರೀಮಂತರಿಗೂ ಇದು ಅಷ್ಟೇ ಅನುಕೂಲ ಎಂಬುದು ಬೇರೆ ಮಾತು. ಪಂದ್ಯಗಳ ಹಂಚಿಕೆಯೂ ಸಮನಲ್ಲ. 2024ರಲ್ಲಿ ಪ್ರತಿ ತಂಡ ಒಕ್ಕೂಟದ ಉಳಿದ 15 ತಂಡಗಳಲ್ಲಿ ಎಂಟನ್ನು ಮಾತ್ರ ಎದುರಿಸಿದ್ದರಿಂದ, ಇಬ್ಬರ ಗೆಲುವಿನ ಸಂಖ್ಯೆ ಒಂದೇ ಇದ್ದರೂ ಅವರು ದಾಟಿದ ಹಾದಿ ಒಂದೇ ಎನ್ನಲಾಗದು.

ಅಂಕಿ ಅಂಶಗಳನ್ನೇ ನಂಬುವವರಿಗೆ ಕೆಂಟಕಿಯ ಮಾರ್ಕ್ ಸ್ಟೂಪ್ಸ್ ದೊಡ್ಡ ತಲೆನೋವು. ಬಾಸ್ಕೆಟ್‌ಬಾಲನ್ನೇ ಆರಾಧಿಸುವ ಆ ವಿಶ್ವವಿದ್ಯಾಲಯದಲ್ಲಿ, ಅಲಬಾಮಕ್ಕೆ ಹೋಗುವ ಮುನ್ನ ಬೇರ್ ಬ್ರಯಂಟ್ ಎಂಟು ಋತುಗಳಲ್ಲಿ ಗಳಿಸಿದ್ದ 60 ಗೆಲುವುಗಳ ದಾಖಲೆಯನ್ನು ಸ್ಟೂಪ್ಸ್ ದಾಟಿದರು. 1977ರ ನಂತರ ಮೊದಲ ಬಾರಿಗೆ 10 ಗೆಲುವಿನ ಋತುವನ್ನು 2018ರಲ್ಲಿ ಕಾಣಿಸಿದವರೂ, ಫ್ಲಾರಿಡದ ವಿರುದ್ಧ 31 ವರ್ಷಗಳ ಸತತ ಸೋಲಿನ ಸರಣಿಯನ್ನು ಅದೇ ವರ್ಷ ಮುರಿದವರೂ ಅವರೇ. ಮೈದಾನದಲ್ಲಿ 13 ಋತುಗಳ ಅವರ ಗಳಿಕೆ 82 ಗೆಲುವು, 80 ಸೋಲು. ಆಡಲು ಅರ್ಹರಲ್ಲದವರನ್ನು ಆಡಿಸಿದ ಕಾರಣಕ್ಕೆ 2021ರ 10 ಗೆಲುವುಗಳು ಅಧಿಕೃತ ಲೆಕ್ಕದಿಂದ ಕಳೆದುಹೋದದ್ದರಿಂದ ಕಡತದಲ್ಲಿ ಉಳಿದದ್ದು 72 ಮಾತ್ರ. ಸೋಲುಗಳೇ ಹೆಚ್ಚಿರುವ ಈ ದಾಖಲೆ ಕೆಂಟಕಿಯ ಮಟ್ಟಿಗೆ ಎಲ್ಲರಿಗಿಂತ ಹೆಚ್ಚು ಗೆಲುವುಗಳ ದಾಖಲೆಯೂ ಹೌದು.

ಈ ಎಲ್ಲ ಅಳತೆಗಳನ್ನು ಒಟ್ಟಿಗೆ ಇಟ್ಟು 2024ರ ಋತುವಿನ 16 ಮಂದಿಯನ್ನು ತೂಗಿದರೆ, ಸ್ಮಾರ್ಟ್ ಅವರ ಮೊದಲ ಸ್ಥಾನಕ್ಕೆ ತಕರಾರು ಎತ್ತಲು ಯಾರಿಗೂ ಆಧಾರ ಸಿಗಲಾರದು. ಐದರೊಳಗೆ ಲೀ ಅವರಿಗೊಂದು ಜಾಗ ನ್ಯಾಯವಾಗಿ ಸಲ್ಲಬೇಕು. ಆ ವರ್ಷ 4 ಪಂದ್ಯಗಳನ್ನಷ್ಟೇ ಗೆದ್ದ ಸ್ಟೂಪ್ಸ್ ಅವರನ್ನು ಪಟ್ಟಿಯ ತಳಕ್ಕೆ ತಳ್ಳುವುದಕ್ಕಿಂತ ನಡುವಿನಲ್ಲಿ ಇರಿಸುವುದು ಸರಿ. ಕೆಂಟಕಿ ವಿಶ್ವವಿದ್ಯಾಲಯ ಹಾಗೆ ಭಾವಿಸಲಿಲ್ಲ. 2025ರ ಋತು 5 ಗೆಲುವು, 7 ಸೋಲಿನೊಂದಿಗೆ ಮುಗಿದ ಕೂಡಲೇ ಅವರನ್ನು ಕೆಲಸದಿಂದ ತೆಗೆಯಿತು.